ಹಾರಿದ ಮ್ಯಾಲ ತಿರುಗಂಗಿಲ್ಲ, ಅದಕ್ಕ ಅದು ಛಲೋ ಗೇಮ್

ನಮಸ್ಕಾರ್ರೀ ಎಲ್ಲಾರಿಗೂ. ಕೊಪ್ಪಳದಿಂದ ನಿಮ್ಮ ಹಳೇ ಗೇಮಿನ ಚಾನೆಲ್. ಇವತ್ತ ಪೀಠಿಕೆ ಇಲ್ಲ, ಸೀದಾ ಜಗಳ.

ಹೋದ ವಿಡಿಯೋದ ಕೆಳಗ ಒಬ್ಬ ತಮ್ಮ ಕಮೆಂಟ್ ಹಾಕ್ಯಾನ. ಓದ್ತೀನಿ, ಕೇಳ್ರಿ. “ಅಣ್ಣಾ, ಗೋಸ್ಟ್ಸ್ ಎನ್ ಗಾಬ್ಲಿನ್ಸ್ ದಂಡ ಗೇಮ್. ಕಂಟ್ರೋಲೇ ಸರಿ ಇಲ್ಲ. ಒಮ್ಮೆ ಹಾರಿದ್ರ ಗಾಳ್ಯಾಗ ತಿರುಗಾಕ ಬರಂಗಿಲ್ಲ. ಹಳೇದು ಅಂತ ಸುಮ್ನ ಹೊಗಳ್ತೀರಿ.” ಈ ಕಮೆಂಟಿಗೆ ಬಿದ್ದಷ್ಟು ಲೈಕು ನನ್ನ ವಿಡಿಯೋಕ್ಕ ಬಿದ್ದಿಲ್ಲ. ಅದೊಂದು ಹೊಟ್ಟಿಉರಿ ಬ್ಯಾರೆ.

ತಮ್ಮಾ, ಅರ್ಧ ಖರೇ ಹೇಳಿದಿ. ಹಾರಿದ ಮ್ಯಾಲ ತಿರುಗಾಕ ಬರಂಗಿಲ್ಲ. ಜಂಪ್ ಒತ್ತಿದ ಕ್ಷಣಕ್ಕ ಸ್ಟಿಕ್ ಬಲಕ್ಕಿದ್ರ ಗೇಮಿನ ಹೀರೋ ಅರ್ಥರ್ ಬಲಕ್ಕ ಹಾರ್ತಾನ, ಎಡಕ್ಕಿದ್ರ ಎಡಕ್ಕ, ನಡುವ ಬಿಟ್ಟಿದ್ರ ಇದ್ದಲ್ಲೇ ಎದ್ದು ಇದ್ದಲ್ಲೇ ಇಳೀತಾನ. ಹಾರೋದು ಇಷ್ಟ ಥರ, ನಾಕನೇದು ಇಲ್ಲ. ಎಷ್ಟು ಎತ್ತರ ಏಳ್ತಾನ, ಎಷ್ಟು ದೂರ ಬೀಳ್ತಾನ, ಪ್ರತಿ ಸಲ ಅದ ಅಳತಿ. ಇದು ಕೆಟ್ಟ ಕಂಟ್ರೋಲ್ ಅಲ್ಲ. ಕೆಟ್ಟ ಕಂಟ್ರೋಲ್ ಅಂದ್ರ ಒತ್ತಿದ್ದೊಂದು, ಆಗೋದೊಂದು. ಇಲ್ಲಿ ನೀ ಒತ್ತಿದ್ದ ಆಗ್ತೈತಿ. ನಿನಗ ಬೇಕಾಗಿದ್ದು ಆಗಂಗಿಲ್ಲ, ಅಷ್ಟ.

ಗಂಗಾವತಿ ಕಡೆ ತುಂಗಭದ್ರಾ ಎಡದಂಡಿ ಕಾಲುವಿಗೆ ಹುಡುಗ್ರು ಜಿಗೀತಾವ. ಜಿಗಿದವ ನಡುವ ತಿರುಗಿ ದಂಡಿಗೆ ವಾಪಸ್ ಬರ್ತಾನೇನು? ಜಿಗಿಯೋಕಿಂತ ಮೊದ್ಲ ನೀರು ಎಷ್ಟೈತಿ, ಕಲ್ಲು ಎಲ್ಲೈತಿ ನೋಡಬೇಕು. ಕಾಲುವಿಗೆ ಜಿಗೀಬ್ಯಾಡ್ರಿ ಮತ್ತ, ನನ್ನ ಮ್ಯಾಲ ಬರಬ್ಯಾಡ್ರಿ. ಗೇಮಿನ್ಯಾಗ ಜಿಗೀರಿ.

ಗೊತ್ತಿಲ್ಲದವರಿಗೆ ಬಡಬಡ ಹೇಳ್ತೀನಿ. 1985ರಾಗ ಜಪಾನಿನ ಕ್ಯಾಪ್ಕಾಮ್ ಕಂಪನಿ ಆರ್ಕೇಡಿಗೆ, ಅಂದ್ರ ಕಾಯಿನ್ ಹಾಕಿ ಆಡೋ ಮಷಿನ್ನಿಗೆ, ತಂದ ಗೇಮ್ ಇದು. ಡಿಸೈನ್ ಮಾಡಿದವ ಟೊಕುರೊ ಫುಜಿವಾರಾ. ಒಂದು ಸ್ಟಿಕ್, ಎರಡ ಬಟನ್. ಒಂದು ಆಯುಧ ಒಗಿಯಾಕ, ಒಂದು ಹಾರಾಕ. ಅರ್ಥರ್ ಅನ್ನೋ ಯೋಧ, ರಾಜಕುಮಾರಿನ ದೆವ್ವ ಎತ್ಕೊಂಡು ಹೋಗ್ಯಾವ, ಇವ ಸ್ಮಶಾನದಾಗಿಂದ ಓಡ್ತಾನ. ಒಂದು ಏಟು ಬಿತ್ತಂದ್ರ ಕವಚ ಉದುರಿ ಬರೇ ಚಡ್ಡಿ ಮ್ಯಾಲ ನಿಂದಿರ್ತಾನ. ಇನ್ನೊಂದು ಬಿತ್ತಂದ್ರ ಎಲುಬಿನ ಗೂಡು. ಪಾಪ, ಬಳ್ಳಾರಿಯಿಂದ ಯಾರರ ಒಂದು ಜೀನ್ಸ್ ಕಳಿಸಿಕೊಟ್ಟಿದ್ರ ಮೂರು ಏಟು ತಡೀತಿದ್ದನೋ ಏನೋ.

ಕವಚ ಇದ್ರೂ ನೀರಾಗ ಬಿದ್ರ, ತೆಗ್ಗಿನ್ಯಾಗ ಬಿದ್ರ ಸೀದಾ ಸಾವು. ಅಂದ್ರ ಈ ಗೇಮಿನ್ಯಾಗ ಹಾರೋದು ಅಂದ್ರ ಸಹಿ ಹಾಕಿದಂಗ. ಹಾಕಿದ್ದು ಹಾಕಿದ್ದ.

ಈಗ ಬರ್ತಾರ ನೋಡ್ರಿ, ಮಾರಿಯೋ ಮಂದಿ. “ಅದ ವರ್ಷ ಸೂಪರ್ ಮಾರಿಯೋ ಬ್ರದರ್ಸ್ ಬಂತಲ್ಲ, ಅದರಾಗ ಗಾಳ್ಯಾಗ ತಿರುಗಾಕ ಬರ್ತೈತಲ್ಲ?” ಬರ್ತೈತಪ್ಪಾ. ಬರ್ಲಿ. ಮಾರಿಯೋದಾಗ ಓಡೋ ವೇಗ ಬ್ಯಾರೆ, ಬಟನ್ ಎಷ್ಟೊತ್ತು ಒತ್ತಿ ಹಿಡೀತಿ ಅನ್ನೋದರ ಮ್ಯಾಲ ಎತ್ತರ ಬ್ಯಾರೆ, ವೈರಿಗೋಳ ತಲಿ ಮ್ಯಾಲ ಕಾಲಿಡಬೇಕು, ಅದಕ್ಕ ಗಾಳ್ಯಾಗ ಸರಿದಾಡಾಕ ಬಿಟ್ಟಾರ. ಅರ್ಥರ್ ಯಾರ ತಲಿ ಮ್ಯಾಲೂ ಕಾಲಿಡಂಗಿಲ್ಲ, ನಿಂತು ಒಗೀತಾನ. ಅವನ ಊರಿನ ಕಾಯ್ದೆ ಅವಂಗ. ಮತ್ತ 1981ರ ಡಾಂಕಿ ಕಾಂಗ್‌ನ್ಯಾಗ ಅದ ಮಾರಿಯೋಗೂ ಗಾಳ್ಯಾಗ ತಿರುಗಾಕ ಬರ್ತಿದ್ದಿಲ್ಲ. ಅಲ್ಲಿ ಯಾಕ ಬಾಯಿ ಮುಚ್ಕೊಂಡಿರಿ? 1986ರ ಕ್ಯಾಸಲ್‌ವೇನಿಯಾದಾಗೂ ಇದ ಕಥಿ, ಹಾರಿದ್ದ ದಾರಿಗೇ ಇಳೀಬೇಕು. ಅದಕ್ಕ ಕ್ಲಾಸಿಕ್ ಅಂತೀರಿ, ಇದಕ್ಕ ದಂಡ ಅಂತೀರಿ. ಯಾವ ನ್ಯಾಯ ಇದು? ಪಂಚರು ಯಾರು?

ಸರಿ, ಮೊದಲ್ನೇ ಸ್ಟೇಜ್ ತಗೋರಿ. ಮಂದಿ ಹೆಚ್ಚಾಗಿ ಸಾಯೋದು ಇಲ್ಲೇ, ಕಮೆಂಟ್ ಬರಿಯೋದು ಇಲ್ಲಿಂದಲೇ.

ಶುರುವಿಗೇ ನೆಲದಾಗಿಂದ ಹೆಣ ಏಳ್ತಾವ. ಹೊಸಬ್ರು ಏನ್ ಮಾಡ್ತಾರ? ಹೆಣದ ಮ್ಯಾಲಿಂದ ಹಾರ್ತಾರ. ತಪ್ಪು ಅಲ್ಲೇ. ಹೆಣಗೋಳು ಒಂದ ಸಲ ಎದ್ದು ಮುಗಿಯಂಗಿಲ್ಲ, ನೀ ಅಲ್ಲಿರೋ ತನಕ ಏಳ್ತಾನ ಇರ್ತಾವ, ಅದೂ ನಿನ್ನ ಹತ್ರನ. ನೀ ಹಾರಿ ಇಳಿಯೋ ಜಾಗದಾಗ ಇನ್ನೊಂದು ಎದ್ದಿರ್ತೈತಿ, ನೀ ತಿರುಗಾಕ ಬರಂಗಿಲ್ಲ, ಚಡ್ಡಿ. ಹೆಣ ಕಂಡ್ರ ಹಾರಬಾರ್ದು. ನಿಂದ್ರು, ಒಗಿ, ನಡಿ. ಹಾಂ, ಸುಮ್ನ ಟಕಟಕ ಒತ್ತಿದ್ರ ಆಗಂಗಿಲ್ಲ ಮತ್ತ. ಪರದೆ ಮ್ಯಾಲ ಒಮ್ಮೆಲೇ ಇರೋ ಆಯುಧಕ್ಕ ಮಿತಿ ಐತಿ. ಒಗೆದ ಭರ್ಚಿ ಯಾರಿಗಾರ ಬಡೀಬೇಕು, ಇಲ್ಲಾ ಪರದೆ ದಾಟಬೇಕು, ಅಲ್ಲೀತನಕ ಕೈ ಖಾಲಿ. ದೂರ ಇದ್ದವನಿಗೆ ಗುರಿ ತಪ್ಪಿಸಿ ಒಗೆದಿ ಅಂದ್ರ ಹತ್ರ ಎದ್ದವ ಬಂದು ಬಡೀತಾನ. ಹತ್ರದಾಗ ಹೊಡೆದ್ರ ಭರ್ಚಿ ಬೇಗ ಮುಗಿದು ಬೇಗ ವಾಪಸ್ ಸಿಗ್ತೈತಿ. ಈ ಲೆಕ್ಕ ಗೊತ್ತಾದ ಮ್ಯಾಲ ಸ್ಮಶಾನ ಅನ್ನೋದು ಅಡ್ಡಾಡೋ ಜಾಗ.

ಮುಂದ ಕೆಂಪು ದೆವ್ವ ಕುಂತಿರ್ತಾನ. ರೆಡ್ ಅರಿಮರ್. ಈ ಗೇಮ್ ಆಡಿದವರಿಗೆ ಈ ಹೆಸರು ಕೇಳಿದ್ರ ಊಟ ಸೇರಂಗಿಲ್ಲ. ಇವ ಎಷ್ಟು ಹೆಸರು ಮಾಡಿದ ಅಂದ್ರ 1990ರಾಗ ಇವನ್ನ ಹೀರೋ ಮಾಡಿ ಗಾರ್ಗಾಯಲ್ಸ್ ಕ್ವೆಸ್ಟ್ ಅಂತ ಕೈಯಾಗ ಹಿಡಿದು ಆಡೋ ಗೇಮ್‌ಬಾಯ್‌ಗೆ ಬ್ಯಾರೆ ಗೇಮ್ ತೆಗೆದ್ರು. ನೆಲದ ಮ್ಯಾಲ ಸುಮ್ನ ಕುಂತಿರ್ತಾನ. ದೂರದಿಂದ ಭರ್ಚಿ ಒಗೆದ್ರ ಛಂಗನ ಮ್ಯಾಲೇಳ್ತಾನ, ಭರ್ಚಿ ಕೆಳಗ ಹೋಗ್ತೈತಿ. ಆಮ್ಯಾಲ ಮ್ಯಾಲಿಂದ ಕೆಳಗ ಬೀಸಿ ಬರ್ತಾನ. ಅರ್ಥರ್‌ಗೆ ಮ್ಯಾಲಕ್ಕ ಒಗಿಯಾಕ ಬರಂಗಿಲ್ಲ, ಎಡ ಬಲ ಅಷ್ಟ.

ಇಲ್ಲಿ ಹೊಸಬ್ರು ಹೆದರಿ ಹಿಂದಕ್ಕ ಹಾರ್ತಾರ. ಹಿಂದಕ್ಕ ಹಾರಿದ್ರ ನೀ ಎಲ್ಲಿ ಇಳೀತಿ ಅನ್ನೋದು ನಿನಗ ಗೊತ್ತಾಗೋಕಿಂತ ಮೊದ್ಲ ಅವಂಗ ಗೊತ್ತಿರ್ತೈತಿ. ಅವ ಬೀಸಿ ಬರೋವಾಗ ಹಿಂದಕ್ಕಲ್ಲ, ಅವನ ಕೆಳಗ ಮುಂದಕ್ಕ ಓಡಬೇಕು. ದಾಟಿದ ಕೂಡಲೇ ತಿರುಗಿ ಒಗೀಬೇಕು. ಎತ್ತರದಾಗ ಹೊಡೀಬೇಕಂದ್ರ ಇದ್ದಲ್ಲೇ ಮ್ಯಾಲಕ್ಕ ಹಾರಿ, ಅವನ ಎದಿ ಸಮಕ್ಕ ಬಂದಾಗ ಒಗೀಬೇಕು. ಇದ್ದಲ್ಲೇ ಹಾರಿದ್ರ ಇಳಿಯೋದು ಇದ್ದಲ್ಲೇ, ಆ ಜಾಗ ನಿನಗ ಗೊತ್ತಿರೋ ಜಾಗ. ಅದಕ್ಕ ಹೇಳೋದು: ಹಾರೋಕಿಂತ ಮೊದ್ಲ ಇಳಿಯೋ ಜಾಗ ನೋಡು. ಇದೊಂದು ಮಾತು ಮಣಿಕಟ್ಟಿನ ಮ್ಯಾಲ ಬರ್ಕೋ.

ಆಯುಧದ ವಿಷಯಕ್ಕೂ ಇದ ಕಾಯ್ದೆ. ಕೆಲವು ವೈರಿಗೋಳು ಗಡಿಗಿ ಹೊತ್ತು ಬರ್ತಾವ, ಹೊಡೆದ್ರ ಒಳಗಿಂದ ಒಂದೊಂದು ಸಲ ಆಯುಧ ಬೀಳ್ತೈತಿ. ಮುಟ್ಟಿದ್ರ ಸಾಕು, ಕೈಯಾಗಿಂದು ಹೋಗಿ ಅದು ಬರ್ತೈತಿ. ಕೇಳಂಗಿಲ್ಲ, ಮಾಡಂಗಿಲ್ಲ. ಚಾಕು ಸಿಕ್ಕ್ರ ಕಣ್ಣಿಗೊತ್ತಿಕೊಂಡು ತಗೋ, ಭರ್ಚಿಗಿಂತ ಜೋರ ಹೋಗ್ತೈತಿ, ಕೈಗೆ ಬೇಗ ವಾಪಸ್ ಬರ್ತೈತಿ. ಪಂಜು ಬಿತ್ತಂದ್ರ ಮುಟ್ಟಬ್ಯಾಡ. ಬಾಗಿ ಹೋಗಿ ನೆಲಕ್ಕ ಬಿದ್ದು ಉರೀತೈತಿ, ಹಾರೋ ವೈರಿಗೆ ಹತ್ತಂಗಿಲ್ಲ, ಉರಿಯೋ ತನಕ ನಿನ್ನ ಕೈ ಖಾಲಿ. ಮತ್ತ ಸತ್ರೂ ಆಯುಧ ಬದಲಾಗಂಗಿಲ್ಲ, ಪಂಜು ಹಿಡಿದು ಸತ್ತವ ಪಂಜು ಹಿಡಿದ ಎದ್ದು ಬರ್ತಾನ. “ಅಣ್ಣಾ, ಬೇಕಂತ ತಗೊಳ್ಳಿಲ್ಲ, ಹಾರಿದೆ, ಅದರ ಮ್ಯಾಲ ಬಿದ್ದೆ” ಅಂತ ಇನ್ನೊಬ್ಬ ಬರ್ದಾನ. ಯಾಕ್ ಹಾರಿದಿ? ಗಡಿಗಿ ಹೊತ್ತವ ಬಂದ್ರ ನೆಲದ ಮ್ಯಾಲ ನಿಂತು ಹೊಡಿ, ಏನು ಬಿತ್ತು ನೋಡು, ಬ್ಯಾಡಾದ್ರ ಆಮ್ಯಾಲ ಅದನ್ನ ದಾಟಿ ಹಾರು. ಗಡಿಗಿಯೊಳಗಿಂದ ಮಂತ್ರವಾದಿ ಬಂದು ನಿನ್ನ ಕಪ್ಪಿ ಮಾಡಿಬಿಡೋದೂ ಐತಿ. ಆಗ ಮಾತ್ರ ನನಗ ಬೈಬ್ಯಾಡ, ಕಪ್ಪಿಗೆ ಹೆಂಗೂ ಹಾರಾಕ ಬರ್ತೈತಿ ಅಂತ ತಿಳ್ಕೋ.

ಇಲ್ಲೀತನಕ ಕೇಳಿದವರು ಸಬ್‌ಸ್ಕ್ರೈಬ್ ಒತ್ತ್ರಿ. ಅದನ್ನೂ ನೋಡಿ ಒತ್ತ್ರಿ. ಒಮ್ಮೆ ಒತ್ತಿದ ಮ್ಯಾಲ ತಿರುಗಬಾರ್ದು.

ಈಗ ಖರೇ ಕಾರಣಕ್ಕ ಬರ್ತೀನಿ. “ಕಂಟ್ರೋಲ್ ಸರಿ ಇಲ್ಲ” ಅನ್ನೋ ಮಂದ್ಯಾಗ ಭಾಳ ಜನರ ತೊಂದ್ರಿ ಗೇಮಿಂದಲ್ಲ, ಕೈಯಾಗಿನ ಸಾಮಾನಿಂದು. ಮೊಬೈಲಿನ ಗಾಜಿನ ಮ್ಯಾಲ ಹೆಬ್ಬೆಟ್ಟು ಇಟ್ಟು ಆಡ್ತಾರ. ದಿಕ್ಕು ಮತ್ತ ಜಂಪ್ ಎರಡೂ ಒಮ್ಮೆಲೇ ಒತ್ತಿದಿ ಅಂತ ನಿನಗ ಅನ್ನಿಸ್ತೈತಿ. ಜಂಪ್ ಒಂದು ಫ್ರೇಮ್ ಮೊದ್ಲ ಮುಟ್ಟಿರ್ತೈತಿ. ಒಂದು ಫ್ರೇಮ್ ಅಂದ್ರ ಪರದೆ ಮ್ಯಾಲಿನ ಒಂದು ಚಿತ್ರ, ಸೆಕೆಂಡಿನ ಅರವತ್ತನೇ ಒಂದು ಪಾಲು, ಸುಮಾರು 17 ಮಿಲಿಸೆಕೆಂಡ್. ಆ ಹೊತ್ತಿಗೆ ದಿಕ್ಕು ಇಲ್ಲ, ಅರ್ಥರ್ ಇದ್ದಲ್ಲೇ ಎದ್ದ, ನೀ “ತಿರುಗಲಿಲ್ಲ” ಅಂತ ಕಮೆಂಟ್ ಬರೆದಿ. ದಿಕ್ಕು ಮೊದ್ಲ, ಜಂಪ್ ಆಮ್ಯಾಲ. ಎರಡು ಹೆಜ್ಜಿ ನಡೆದು ಹಾರಿದ್ರ ಈ ತೊಂದ್ರಿನ ಇಲ್ಲ.

ಅನಲಾಗ್ ಸ್ಟಿಕ್ ಬಳಸೋರಿಗೆ ಇನ್ನೊಂದು ಕಾಟ. ಹೆಬ್ಬೆಟ್ಟು ಸ್ವಲ್ಪ ಕೆಳಗ ಜಾರಿತಂದ್ರ ಅರ್ಥರ್ ನಡಿಯೋದು ಬಿಟ್ಟು ಕುಂದ್ರತಾನ. ಓಡಿ ಹಾರಬೇಕಾದವ ತೆಗ್ಗಿನ ದಂಡಿಗೆ ಕುಂತ. ಪ್ಯಾಡಿನ ಪ್ಲಸ್ ಆಕಾರದ ಗುಂಡಿ ಬಳಸ್ರಿ. ವೈರ್ ಇರೋ ಕಂಟ್ರೋಲರ್ ಹಚ್ರಿ, ಬ್ಲೂಟೂತ್ ಆದ್ರ ಹೊತ್ತು ಹತ್ತತೈತಿ. ಟೀವಿಗೆ ಹಚ್ಚಿದ್ರ ಸೆಟ್ಟಿಂಗ್‌ನ್ಯಾಗ ಗೇಮ್ ಮೋಡ್ ಆನ್ ಮಾಡ್ರಿ. ಇಲ್ಲಂದ್ರ ಟೀವಿ ಚಿತ್ರ ಚಂದ ಮಾಡ್ಕೋತ ಕುಂದ್ರತೈತಿ, ನೀ ಒತ್ತಿದ್ದು ತಡ ಮಾಡಿ ಕಾಣ್ತೈತಿ. ಮತ್ತ ನಮ್ಮ ಕಡೆ ಬಿಸಿಲು! ರಾಯಚೂರಾಗ ಏಪ್ರಿಲ್ ಮಧ್ಯಾಹ್ನ ಮೊಬೈಲ್ ಚಾರ್ಜಿಗೆ ಹಚ್ಚಿಕೊಂಡು ಎಮ್ಯುಲೇಟರ್, ಅಂದ್ರ ಹಳೇ ಮಷಿನ್ನಿನ ನಕಲು ಮಾಡೋ ಸಾಫ್ಟ್‌ವೇರ್, ಹಾಕ್ಕೊಂಡು ಆಡ್ತೀರಿ. ಮೊಬೈಲ್ ಕಾದ ಕೂಡಲೇ ಪ್ರೊಸೆಸರ್ ತನ್ನ ವೇಗ ತಾನ ಇಳಿಸ್ಕೋತೈತಿ, ಫ್ರೇಮ್ ಬಿಟ್ಟು ಬಿಟ್ಟು ಓಡ್ತೈತಿ, ಬೆವರಿಗೆ ಗಾಜು ಜಾರ್ತೈತಿ. ಚಾರ್ಜರ್ ಕಿತ್ತು, ಕವರ್ ಬಿಚ್ಚಿ, ಸಂಜಿಮುಂದ ಆಡ್ರಿ. ಬಿಸಿಲಿಗೆ ಬೈರಿ, ಫುಜಿವಾರಾಗ ಯಾಕ ಬೈತೀರಿ?

ಕಂಪ್ಯೂಟರಿನ್ಯಾಗ ಮೇಮ್ ಅನ್ನೋ ಎಮ್ಯುಲೇಟರ್ ಹಚ್ಚಿ ಆಡೋರಿಗೆ: 5 ಒತ್ತಿದ್ರ ಕಾಯಿನ್, 1 ಒತ್ತಿದ್ರ ಶುರು, ಎಡಗಡೆ ಕಂಟ್ರೋಲ್ ಕೀ ಒಗಿಯಾಕ, ಆಲ್ಟ್ ಹಾರಾಕ. ಟ್ಯಾಬ್ ಒತ್ತಿ ಡಿಪ್ ಸ್ವಿಚ್‌ಗೆ ಹೋದ್ರ ಲೈಫು, ಕಷ್ಟದ ಮಟ್ಟ ಬದಲಿ ಮಾಡಾಕ ಬರ್ತೈತಿ. ಆಗ ಆರ್ಕೇಡ್ ಅಂಗಡಿಯವ ಡಬ್ಬಿ ಬಿಚ್ಚಿ ಮಾಡ್ತಿದ್ದ ಕೆಲಸ ಅದು. ಅಲ್ಲಿ ಹುಡುಕಿ ನೋಡ್ರಿ, ಗಾಳ್ಯಾಗ ತಿರುಗೋ ಸ್ವಿಚ್ ಐತೇನು? ಇಲ್ಲ. ಲೈಫ್ ಹೆಚ್ಚು ಮಾಡಾಕ ಬಿಟ್ಟಾರ, ಅದನ್ನ ಬಿಟ್ಟಿಲ್ಲ. ಯಾಕಂದ್ರ ಅದು ಗೇಮಿನ ಬೆನ್ನೆಲುಬು.

ರೊಕ್ಕ ಕೊಟ್ಟು ಸರಳ ದಾರ್ಯಾಗ ಆಡೋರಿಗೆ 2021ರಾಗ ಬಂದ ಕ್ಯಾಪ್ಕಾಮ್ ಆರ್ಕೇಡ್ ಸ್ಟೇಡಿಯಂ ಐತಿ, ಅದರಾಗ ಆಟ ಹಿಂದಕ್ಕ ಓಡಿಸೋ ರಿವೈಂಡ್ ಸೈತ ಐತಿ. ರಿವೈಂಡ್ ಬಳಸಿದ್ರ ಪಾಪ ಅಂತ ನಾ ಅನ್ನಂಗಿಲ್ಲ. ಆದ್ರ ಒಂದು ಮಜಾ ನೋಡ್ರಿ. ಸ್ವಲ್ಪ ರಿವೈಂಡ್ ಮಾಡಿ ಗಾಳ್ಯಾಗ ಬಿಟ್ಟಿ ಅಂದ್ರ ಮತ್ತ ಅಲ್ಲೇ ಬೀಳ್ತೀ, ಅದ ಹೆಣ, ಅದ ನೀರು. ಉಪಯೋಗ ಆಗಬೇಕಂದ್ರ ಕಾಲು ನೆಲಕ್ಕಿರೋ ತನಕ ಹಿಂದಕ್ಕ ಹೋಗಬೇಕು. ಸೇವ್ ಸ್ಟೇಟ್ ಮಾಡೋರೂ, ಅಂದ್ರ ಆಟ ಇದ್ದಂಗ ಉಳಿಸಿಡೋರೂ ಅಷ್ಟ, ನೆಲದ ಮ್ಯಾಲ ನಿಂತು ಸೇವ್ ಮಾಡ್ರಿ. ತೆಗ್ಗಿನ ಮ್ಯಾಲ ಗಾಳ್ಯಾಗಿದ್ದಾಗ ಸೇವ್ ಮಾಡಿ, ಲೋಡ್ ಮಾಡಿದಾಗೆಲ್ಲಾ ಸಾಯೋ ಧೀರರು ಅದಾರ. ಯಂತ್ರಕ್ಕ ಗೊತ್ತಾತು, ತಪ್ಪು ಆಗಿದ್ದು ನೆಲದ ಮ್ಯಾಲ ಅಂತ. ನಿನಗ ಯಾವಾಗ ಗೊತ್ತಾಗೋದು?

“ಇದು ಕಾಯಿನ್ ತಿನ್ನಾಕ ಮಾಡಿದ ಗೇಮ್ ಅಣ್ಣಾ.” ಹೌದು! ಆರ್ಕೇಡ್ ಗೇಮ್ ಕಾಯಿನ್ ತಿನ್ನದ ಒಗ್ಗರಣಿ ಮಿರ್ಚಿ ತಿನ್ನತೈತೇನು? ಮುಂದ.

“ಪೂರಾ ಮುಗಿಸಿದ್ರ ಅದು ಭ್ರಮೆ ಅಂತ ಹೇಳಿ ಮತ್ತ ಮೊದಲ್ನೇ ಸ್ಟೇಜಿಗೆ ಕಳಿಸ್ತಾರ, ಇದು ಮೋಸ.” ಹಾಂ, ಎರಡು ಸಲ ಮುಗಿಸಬೇಕು, ಎರಡನೇ ಸಲ ಇನ್ನೂ ಬಿರುಸು. ಅಷ್ಟ ಅಲ್ಲ, ಕೊನೇ ದೆವ್ವದ ಹತ್ರ ಹೋಗೋವಾಗ ಕೈಯಾಗ ಸರಿಯಾದ ಆಯುಧ ಬೇಕು, ಜಪಾನಿನ ಆರ್ಕೇಡ್‌ನ್ಯಾಗ ಶಿಲುಬೆ, ಹೊರದೇಶದ್ದರಾಗ ಗುರಾಣಿ. ಇಲ್ಲಂದ್ರ ಐದನೇ ಸ್ಟೇಜಿಗೆ ವಾಪಸ್. ಗುರಾಣಿ ಭಾಳ ದೂರ ಹೋಗಂಗಿಲ್ಲ, ಆದ್ರ ವೈರಿ ಒಗೆದದ್ದನ್ನ ತಡೀತೈತಿ. ಅದು ಒಮ್ಮೆ ಸಿಕ್ಕ ಮ್ಯಾಲ ಬ್ಯಾರೆ ಯಾವ ಆಯುಧದ ಮ್ಯಾಲೂ ಕಾಲಿಡದಂಗ ಹೋಗಬೇಕು. ಕಾಲಿಡದಂಗ ಹೋಗೋದು ಹೆಂಗ? ಇಳಿಯೋ ಜಾಗ ನೋಡಿ ಹಾರೋದು. ಬಂತಲ್ಲ ಮತ್ತ ಅಲ್ಲಿಗೇ!

“ನಾವು ಆಡಿದ್ದು ಟೀವಿ ಗೇಮ್ ಕ್ಯಾಸೆಟ್‌ನ್ಯಾಗ, ಅದರಾಗ ಚಿತ್ರ ಮಿಣಕ್ ಮಿಣಕ್ ಅಂತಿತ್ತು.” ಒಪ್ಪಿದೆ. 1986ರ ನಿಂಟೆಂಡೊ ಆವೃತ್ತಿ ಮೈಕ್ರಾನಿಕ್ಸ್ ಅನ್ನೋ ಹೊರಗಿನ ಕಂಪನಿ ಕೈಯಾಗ ಆಗಿದ್ದು. ಓಡೋದು ಜರ್ಕ್ ಹೊಡೀತೈತಿ, ವೈರಿಗೋಳು ಒಂದ ಸಾಲಿನ್ಯಾಗ ಹೆಚ್ಚಾದ್ರ ಕಣ್ಣಿಗೆ ಕಾಣದಂಗ ಮಿಣುಕ್ತಾವ. ಆ ದೂರು ತಗೋತೀನಿ. ಆದ್ರ ನಿನ್ನ ದೂರು ಮಿಣುಕೋದರ ಮ್ಯಾಲ ಅಲ್ಲಲ್ಲಪಾ, ತಿರುಗೋದರ ಮ್ಯಾಲ! ಒಂದು ಕೇಸಿಗೆ ಇನ್ನೊಂದು ಕೇಸಿನ ಸಾಕ್ಷಿ ತರಬ್ಯಾಡ.

ಮುಂದಿನ ಭಾಗಗೋಳು ನೋಡ್ರಿ. 1988ರ ಗೂಲ್ಸ್ ಎನ್ ಗೋಸ್ಟ್ಸ್‌ನ್ಯಾಗ ಮ್ಯಾಲಕ್ಕ ಒಗಿಯಾಕ ಕೊಟ್ರು, ಹಾರಿದಾಗ ಕೆಳಗ ಒಗಿಯಾಕ ಕೊಟ್ರು. 1991ರ ಸೂಪರ್ ಗೂಲ್ಸ್‌ನ್ಯಾಗ ಗಾಳ್ಯಾಗ ಎರಡನೇ ಸಲ ಹಾರಾಕ ಕೊಟ್ರು. “ನೋಡಿದೇನಣ್ಣಾ, ಅವರ ತಿದ್ದಿಕೊಂಡ್ರು!” ಎಲ್ಲಿ ತಿದ್ದಿಕೊಂಡ್ರು? ಎರಡನೇ ಸಲ ಹಾರಿದ ಮ್ಯಾಲ ತಿರುಗಾಕ ಬರ್ತೈತೇನು? ಬರಂಗಿಲ್ಲ! ಒಂದು ಸಹಿ ಇದ್ದಲ್ಲಿ ಎರಡು ಸಹಿ ಮಾಡಿದ್ರು. 2021ರಾಗ ರಿಸರೆಕ್ಷನ್ ಅಂತ ಹೊಸದು ಬಂತು, ಅದ ಫುಜಿವಾರಾ ನಿರ್ದೇಶನ. ಹಗುರಾಗಿ ಆಡೋರಿಗೆ ಪೇಜ್ ಅನ್ನೋ ಮಟ್ಟ ಇಟ್ಟಾರ, ಸತ್ತಲ್ಲೇ ಎದ್ದು ಮತ್ತ ಆಡಬೋದು. ಅಷ್ಟೆಲ್ಲಾ ಮೆತ್ತಗ ಮಾಡಿದವರು ಹಾರೋದನ್ನ ಮುಟ್ಟಿಲ್ಲ. ಅಲ್ಲೂ ಹಾರಿದ್ದು ಹಾರಿದ್ದ. ಮಾಡಿದವನಿಗಿಂತ ನಿನಗ ಹೆಚ್ಚು ಗೊತ್ತೈತೇನು? ಇದ್ರ ಅರ್ಜಿ ಹಾಕು, ಜಪಾನಿಗೆ.

ಇನ್ನೂ ಏನೋ ಮೂರು ಕಾರಣ ಬರ್ಕೊಂಡು ಬಂದಿದ್ದೆ. ಚೀಟಿ ಇಲ್ಲೇ ಐತಿ. ಒಂದನೇದು... ಒಂದನೇದೂ ಇದ ಐತಿ. ಎರಡನೇದು ಸಂಗೀತ ಛಲೋ ಐತಿ, ಅಯಾಕೊ ಮೋರಿ ಅವರು ಮಾಡಿದ್ದು. ಅದಕ್ಕೂ ಹಾರೋದಕ್ಕೂ ಸಂಬಂಧ ಇಲ್ಲ, ಆದ್ರ ಛಲೋ ಐತಿ. ಮೂರನೇದು ನನ್ನ ಅಕ್ಷರ ನನಗ ತಿಳಿವಲ್ದು. ಇರ್ಲಿ ಬಿಡ್ರಿ. ತಿರುಗಂಗಿಲ್ಲ! ತಿರುಗಬಾರ್ದು! ತಿರುಗಿದ್ರ ಅದು ಬ್ಯಾರೆ ಗೇಮ್, ಅದಕ್ಕ ಬ್ಯಾರೆ ಚಾನೆಲ್ ಅದಾವ, ಅಲ್ಲಿಗೆ ಹೋಗ್ರಿ. ಹೋಗೋಕಿಂತ ಮೊದ್ಲ ಲೈಕ್ ಒತ್ತಿ ಹೋಗ್ರಿ.

ಕೆಳಗ ಬರೀರಿ: ಯಾವುದರಾಗ ಆಡ್ತೀರಿ, ವೈರ್ ಐತೋ ಬ್ಲೂಟೂತೋ, ಎಷ್ಟನೇ ಸ್ಟೇಜಿನ್ಯಾಗ ಯಾವ ಆಯುಧ ಹಿಡಿದು ಸತ್ತ್ರಿ. ಅಷ್ಟು ಬರ್ದ್ರ ಎಲ್ಲಿ ತಪ್ಪಾತು ಅಂತ ಹೇಳ್ತೀನಿ. ಮೆಂಬರ್ ಆದವರಿಗೆ ಮೊದ್ಲ ಹೇಳ್ತೀನಿ, ಹೊಟ್ಟಿಪಾಡು, ಏನ್ ಮಾಡೋದು. ಮುಂದಿನ ವಿಡಿಯೋ ಕಾಂಟ್ರಾ ಮ್ಯಾಲ. 30 ಲೈಫಿನ ಕೋಡ್ ಹಾಕಿ ಮುಗಿಸಿ, ಊರ ತುಂಬ “ನಾ ಕಾಂಟ್ರಾ ಮುಗಿಸೀನಿ” ಅಂತ ಅಡ್ಡಾಡಿದವರು ಇರ್ತೀರಲ್ಲ, ಮುಂದಿನ ಸಾಲಿನ್ಯಾಗ ಬಂದು ಕುಂದ್ರಿ. ನಿಮ್ಮ ಜೋಡಿ ಬ್ಯಾರೆ ಮಾತೈತಿ.